ಡೆಸ್ಕ್‌ಟಾಪ್ ಉಳಿಯಲಿ, ಮಂಕು ಪರದೆ ತೊಲಗಲಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಕಾಲ ಮುಗಿಯಿತು ಎಂಬ ಮಾತು ಕಿವಿಗೆ ಬೀಳತೊಡಗಿ ಹದಿನೈದು ವರ್ಷವಾಯಿತು. 2010ರ ಜೂನ್‌ನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಸಮ್ಮೇಳನವೊಂದರ ವೇದಿಕೆಯಲ್ಲಿ ಪಿಸಿಗಳನ್ನು ಟ್ರಕ್ಕುಗಳಿಗೆ ಹೋಲಿಸಿದರು. ಅಮೆರಿಕ ಕೃಷಿಕರ ದೇಶವಾಗಿದ್ದಾಗ ಓಡಾಡುತ್ತಿದ್ದವೆಲ್ಲ ಟ್ರಕ್ಕುಗಳೇ, ನಗರಗಳು ಬೆಳೆದ ಮೇಲೆ ಜನ ಕಾರು ಹಿಡಿದರು, ಪಿಸಿಯೂ ಹಾಗೆಯೇ ಕೆಲವರಿಗಷ್ಟೇ ಬೇಕಾಗುವ ವಸ್ತುವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಆ ಮಾತು ಬಹುಮಟ್ಟಿಗೆ ನಿಜವಾಯಿತು. ಬ್ಯಾಂಕು, ಟಿಕೆಟ್ಟು, ಸಿನಿಮಾ, ಸುದ್ದಿ ಎಲ್ಲವೂ ಮೊಬೈಲಿಗೆ ಬಂದವು. ಆದರೆ ಈ ಹೋಲಿಕೆಯನ್ನು ಎತ್ತಿ ಆಡುವವರು ಅದರ ಇನ್ನೊಂದು ಮಗ್ಗುಲನ್ನು ಮರೆಯುತ್ತಾರೆ. ಕಾರುಗಳು ಎಷ್ಟೇ ಹೆಚ್ಚಲಿ, ಊರಿನ ಹೊರೆ ಇವತ್ತಿಗೂ ಲಾರಿಯಲ್ಲೇ ಹೋಗುತ್ತದೆ.

ಕನ್ನಡದಲ್ಲಿ ಆ ಹೊರೆ ಯಾವುದು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ತಾಲ್ಲೂಕು ಕಚೇರಿಯಲ್ಲಿ ನಡೆಯುವ ಪಹಣಿ ತಿದ್ದುಪಡಿ, ನೋಂದಣಿ ಕಚೇರಿಗೆ ಹೋಗುವ ಕ್ರಯಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಪಠ್ಯಪುಸ್ತಕ, ಪಂಚಾಯಿತಿಯ ನಡಾವಳಿ, ವಿಶ್ವವಿದ್ಯಾಲಯದ ಪ್ರಬಂಧ, ನಾಳೆ ಬೆಳಗ್ಗೆ ಮನೆ ಬಾಗಿಲಿಗೆ ಬೀಳುವ ಪತ್ರಿಕೆಯ ಪುಟ, ಮದುವೆಯ ಲಗ್ನಪತ್ರಿಕೆ. ಇವನ್ನು ಮೊಬೈಲಿನಲ್ಲಿ ಓದಬಹುದು. ದಿನಕ್ಕೆ ಎಂಟು ಗಂಟೆ ಕೂತು ಅದರಲ್ಲೇ ತಯಾರಿಸಲು ಯಾರಿಂದಲೂ ಆಗದು. ಮೇಜು, ಕುರ್ಚಿ, ಪೂರ್ಣ ಗಾತ್ರದ ಕೀಬೋರ್ಡು, ಕಣ್ಣಿನ ಎತ್ತರಕ್ಕೆ ನಿಲ್ಲುವ ಪರದೆ ಬೇಕೇ ಬೇಕು. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಗ್ಗುವುದು ಕೆಲಸ ಮಾಡುವವರ ಕತ್ತೇ. ಡೆಸ್ಕ್‌ಟಾಪ್ ಉಳಿಯಬೇಕು ಎಂದು ನಾನು ವಾದಿಸುವುದು ಕನ್ನಡದ ಬರವಣಿಗೆಯ ಕೆಲಸ ನಡೆಯುವ ಜಾಗ ಅದು ಎಂಬ ಕಾರಣಕ್ಕೆ.

ಈ ಜಾಗವನ್ನು ತೆರವು ಮಾಡಿಸುವ ಒತ್ತಡ ಮೇಲಿನಿಂದ ಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮುಗಿಸಿತು. ವಿಂಡೋಸ್ 11 ಹಾಕಿಕೊಳ್ಳಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಕೆಲವೇ ವಿನಾಯಿತಿಗಳನ್ನು ಬಿಟ್ಟು ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಆ ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಆರನೇ ತಲೆಮಾರಿನ ಒಂದು ಐ5 ಪೆಟ್ಟಿಗೆಯ ಹಳೆ ಹಾರ್ಡ್‌ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿ ಕೂರಿಸಿ, ರ್‍ಯಾಮ್ ಎಂಟು ಜಿಬಿಗೆ ಏರಿಸಿ, ಲಿನಕ್ಸ್ ಹಾಕಿದರೆ ಟೈಪಿಂಗಿಗೆ, ಲೆಕ್ಕಪತ್ರಕ್ಕೆ ಅದು ಇನ್ನೂ ವರ್ಷಗಟ್ಟಲೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಅಂಗಡಿಗೆ ಹೋದರೂ ಈ ಕೆಲಸಕ್ಕೆ ಬೇಕಾದ ಸಾಮಾನು ಬಿಡಿಬಿಡಿಯಾಗಿ ಸಿಗುತ್ತದೆ. ಎಸ್‌ಎಂಪಿಎಸ್ ಸುಟ್ಟರೆ ಎಸ್‌ಎಂಪಿಎಸ್ ಬದಲಿಸಿದರಾಯಿತು, ಕಂಪ್ಯೂಟರ್ ಬದಲಿಸಬೇಕಿಲ್ಲ. ರ್‍ಯಾಮನ್ನೇ ಮದರ್‌ಬೋರ್ಡಿಗೆ ಬೆಸುಗೆ ಹಾಕಿ ಕೊಡುವ ತೆಳು ಲ್ಯಾಪ್‌ಟಾಪುಗಳಲ್ಲಿ ಈ ಸ್ವಾತಂತ್ರ್ಯ ಇಲ್ಲ. ಕೆಲಸ ಮಾಡುವ ಯಂತ್ರವನ್ನು ತಂತ್ರಾಂಶದ ನಿಯಮವೊಂದಕ್ಕಾಗಿ ಗುಜರಿಗೆ ಹಾಕುವುದು ದುಂದು, ಅದಕ್ಕೆ ಬೇರೆ ಹೆಸರಿಲ್ಲ.

ಇದರ ಮೇಲೆ ಮೆಮೊರಿಯ ಬರ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ರ್‍ಯಾಮ್ ಬೆಲೆ ಗಗನಕ್ಕೇರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಸ್ವಂತ ಪೆಟ್ಟಿಗೆ ದುಬಾರಿಯಾಗುತ್ತಿರುವಾಗಲೇ ಬಾಡಿಗೆ ಕಂಪ್ಯೂಟರಿನ ಆಹ್ವಾನವೂ ಬಂದಿದೆ. 2025ರಲ್ಲಿ ಜಿಯೋ ತಂದ ಜಿಯೋಪಿಸಿ ಅಂಥದು: ಸೆಟ್‌ಟಾಪ್ ಬಾಕ್ಸಿಗೆ ಕೀಬೋರ್ಡು ಮೌಸು ಸಿಕ್ಕಿಸಿದರೆ ಮನೆಯ ಟಿವಿಯೇ ಕಂಪ್ಯೂಟರು, ಯಂತ್ರ ಇರುವುದು ಕಂಪನಿಯ ಸರ್ವರಿನಲ್ಲಿ, ಕೊಡುವುದು ಚಂದಾ. ಕಂಪ್ಯೂಟರನ್ನೇ ಕಾಣದ ಮನೆಗೆ ಇದು ಮೊದಲ ಮೆಟ್ಟಿಲಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ ಇಂಚಿಗೆ ಸಿಗುವುದು ಸುಮಾರು 51 ಚುಕ್ಕೆ (ಪಿಕ್ಸೆಲ್). ಅದು ಕ್ರಿಕೆಟ್ ನೋಡಲು ಮಾಡಿದ ಪರದೆ. ಅದರ ಮುಂದೆ ಕನ್ನಡ ಬೆರಳಚ್ಚು ಮಾಡಿ ಎಂದು ಮಕ್ಕಳನ್ನು ಕೂರಿಸುವುದು ಅನ್ಯಾಯ. ಚಂದಾ ನಿಂತ ದಿನ ಕಂಪ್ಯೂಟರೂ ಇಲ್ಲ ಎಂಬುದು ಬೇರೆ ಮಾತು.

ಡೆಸ್ಕ್‌ಟಾಪ್ ಪರ ಮಾತಾಡುವವರು ಸಾಮಾನ್ಯವಾಗಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಂದು ಪೆಟ್ಟಿಗೆಯೊಳಗಿನ ವಿಷಯಕ್ಕೇ ಅಂಟಿಕೊಳ್ಳುತ್ತಾರೆ. ನನ್ನ ತಕರಾರು ಇರುವುದು ಪರದೆಯ ಬಗ್ಗೆ.

2001ರಲ್ಲಿ ಐಬಿಎಂ ಒಂದು ಮಾನಿಟರ್ ತಂದಿತ್ತು. 22.2 ಇಂಚಿನ ಪರದೆ, ಅಡ್ಡಕ್ಕೆ 3840, ಉದ್ದಕ್ಕೆ 2400 ಚುಕ್ಕೆ, ಅಂದರೆ ಇಂಚಿಗೆ 204. ಲಕ್ಷಗಟ್ಟಲೆ ರೂಪಾಯಿಯ ಆ ಮಾನಿಟರ್ ಪ್ರಯೋಗಾಲಯ, ಆಸ್ಪತ್ರೆಗಳಂಥ ಕಡೆಗೆ ಸೀಮಿತವಾಗಿತ್ತು. 2010ರಲ್ಲಿ ಐಫೋನ್ 4 ಬಂದಾಗ ಅಂಗೈಯ ಪರದೆಯಲ್ಲಿ ಇಂಚಿಗೆ 326 ಚುಕ್ಕೆ ಮೂಡಿದವು. 2012ರಲ್ಲಿ ಹೊಸ ಪರದೆಯ ಮ್ಯಾಕ್‌ಬುಕ್ ಪ್ರೊ, 2014ರಲ್ಲಿ 27 ಇಂಚಿನ 5ಕೆ ಐಮ್ಯಾಕ್ ಬಂದು ಇಂಚಿಗೆ 220ರ ಆಸುಪಾಸು ತಲುಪಿದವು. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ 2012ರಲ್ಲಿಯೇ, ಅಗ್ಗದ ಟ್ಯಾಬ್ಲೆಟ್ಟಿನಲ್ಲಿ 2560×1600 ಸಿಗುವಾಗ ಲ್ಯಾಪ್‌ಟಾಪುಗಳೂ ಅದನ್ನೇ ಮಾಮೂಲು ಮಾಡಿಕೊಳ್ಳಬೇಕು ಎಂದು ಒತ್ತಾಯಿಸಿದ್ದರು. ಇಷ್ಟೆಲ್ಲ ಆದ ಮೇಲೂ ನಮ್ಮ ಕಚೇರಿಗಳ ಮೇಜಿನ ಮೇಲೆ ಏನಿದೆ? 24 ಇಂಚಿನ ಫುಲ್ ಎಚ್‌ಡಿ ಇದ್ದರೆ ಅದೇ ಭಾಗ್ಯ, ಇಂಚಿಗೆ 92 ಚುಕ್ಕೆ. ಎಷ್ಟೋ ಕಡೆ ಇನ್ನೂ 18.5 ಇಂಚಿನ 1366×768 ಪರದೆ, ಇಂಚಿಗೆ 85. ಕಾಲು ಶತಮಾನದ ಹಿಂದೆ ಸಾಧ್ಯವಾಗಿದ್ದುದರ ಅರ್ಧವೂ ನಮ್ಮ ಮೇಜಿಗೆ ಬಂದಿಲ್ಲ.

ಇಂಗ್ಲಿಷ್ ಓದುವವರು ಈ ಪರದೆಯಲ್ಲಿ ಹೇಗೋ ಕೆಲಸ ತೂಗಿಸಿಕೊಂಡು ಹೋಗಬಲ್ಲರು. ಕನ್ನಡಕ್ಕೆ ಅದು ಸಾಲದು. ಹನ್ನೊಂದು ಪಾಯಿಂಟಿನ ಅಕ್ಷರವನ್ನು ಇಂಚಿಗೆ 96 ಚುಕ್ಕೆಯ ಲೆಕ್ಕದಲ್ಲಿ ಮೂಡಿಸಿದರೆ ಒತ್ತು, ಗುಣಿತ, ಮೈ ಎಲ್ಲ ಸೇರಿ ಸಿಗುವ ಎತ್ತರ ಹದಿನಾಲ್ಕು-ಹದಿನೈದು ಚುಕ್ಕೆ. ಅದರಲ್ಲಿ ಅಕ್ಷರದ ಮೈಗೆ ಉಳಿಯುವುದು ಏಳೆಂಟು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ನಡುವಿನ ವ್ಯತ್ಯಾಸ ಹೊಟ್ಟೆಯಡಿಯ ಒಂದು ಸೀಳು. ಆ ಸೀಳಿಗೆ ದಕ್ಕುವುದು ಒಂದೇ ಒಂದು ಚುಕ್ಕೆ, ಅದೂ ಅರ್ಧ ಬೂದು ಬಣ್ಣದಲ್ಲಿ. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಟ ಒತ್ತು, ಅದಕ್ಕೆ ತಾಗಿ ರ ಒತ್ತು. ನಾಲ್ಕೈದು ಚುಕ್ಕೆಗಳ ಜಾಗದಲ್ಲಿ ಅವೆರಡೂ ಕಲಸಿಹೋಗುತ್ತವೆ. ಬಲ್ಲ ಓದುಗರು ಪದದ ಅಂದಾಜಿನಿಂದ ಓದಿಕೊಂಡು ಮುಂದೆ ಹೋಗುತ್ತಾರೆ. ಹೆಸರುಗಳಿಗೆ ಆ ಅಂದಾಜು ನಡೆಯುವುದಿಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಆದರೆ ರೈತರು ತಿದ್ದುಪಡಿಗಾಗಿ ಅರ್ಜಿ ಹಿಡಿದು ಅಲೆಯಬೇಕು. ಎಲ್ಲ ತಪ್ಪಿಗೂ ಪರದೆಯೇ ಹೊಣೆ ಎನ್ನಲಾರೆ. ಆದರೆ ಟೈಪು ಮಾಡುವವರ ಕಣ್ಣಿಗೆ ತಪ್ಪು ಕಾಣದಂತೆ ಮಾಡುವ ಸಾಧನವನ್ನು ಕೊಟ್ಟು ಆಮೇಲೆ ಅವರ ಎಚ್ಚರಗೇಡಿತನವನ್ನು ದೂರುವುದು ಸರಿಯಲ್ಲ.

ಪತ್ರಿಕೆ, ಪ್ರಕಾಶನಗಳಲ್ಲಿ ಕರಡು ತಿದ್ದುವವರನ್ನು ಕೇಳಿ. ಪರದೆಯ ಮೇಲೆ ಎರಡು ಸಲ ಓದಿದ ಪುಟವನ್ನೂ ಅವರು ಪ್ರಿಂಟ್ ತೆಗೆದು ಮತ್ತೆ ಓದುತ್ತಾರೆ. ಕಾಗದದ ಮೇಲೆ ಬಿದ್ದ ಕೂಡಲೇ ತಪ್ಪುಗಳು ಎದ್ದು ಕಾಣುತ್ತವೆ. ಲೇಸರ್ ಪ್ರಿಂಟರು ಇಂಚಿಗೆ 600 ಚುಕ್ಕೆ ಹಾಕುತ್ತದೆ, ಪರದೆ ನೂರನ್ನೂ ಮುಟ್ಟುವುದಿಲ್ಲ. ಹಾಳಾಗುವ ಕಾಗದದ ರೀಮುಗಳಲ್ಲಿ ಒಂದು ಭಾಗ ಮಂಕು ಪರದೆಯ ಲೆಕ್ಕಕ್ಕೇ ಸೇರಬೇಕು.

ತಂತ್ರಾಂಶದ ಚಿಕಿತ್ಸೆ ಇದ್ದೇ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಬೇರೆ ಲಿಪಿಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಚಿಕಿತ್ಸೆ. ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ಮನೆಮನೆಗೆ ಬಂದ ಕ್ಲಿಯರ್‌ಟೈಪ್ ವಿಧಾನ ಒಂದೊಂದು ಪಿಕ್ಸೆಲ್ಲಿನಲ್ಲಿ ಅಕ್ಕಪಕ್ಕ ಇರುವ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬಿಡಿಯಾಗಿ ಬಳಸಿ ಅಕ್ಷರದ ಅಂಚನ್ನು ನುಣುಪಾಗಿಸುತ್ತದೆ. ಪಟ್ಟಿಗಳು ಅಕ್ಕಪಕ್ಕ ಇರುವುದರಿಂದ ಲಾಭವೆಲ್ಲ ಅಡ್ಡಕ್ಕೆ. ನೆಟ್ಟಗೆ ನಿಲ್ಲುವ ಕಡ್ಡಿಗಳಿಂದಾದ ರೋಮನ್ ಲಿಪಿಗೆ ಅದು ವರವಾಯಿತು. ದುಂಡಗೆ ಸುತ್ತಿ, ಒತ್ತಕ್ಷರಗಳನ್ನು ಕೆಳಕೆಳಗೆ ಪೇರಿಸುವ ಕನ್ನಡಕ್ಕೆ ಬೇಕಾದದ್ದು ಮೇಲು-ಕೆಳಗಿನ ಸ್ಪಷ್ಟತೆ. ಅಲ್ಲಿ ಆ ಮೊದಲ ಕ್ಲಿಯರ್‌ಟೈಪ್‌ನಿಂದ ಏನೂ ದಕ್ಕಲಿಲ್ಲ. ಆಪಲ್ ಅಂತೂ ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆಯ 2018ರ ಮೊಜಾವೆ ಆವೃತ್ತಿಯಲ್ಲಿ ಈ ಬಗೆಯ ಉಪಾಯವನ್ನೇ ಕೈಬಿಟ್ಟಿತು. ಪರದೆಗಳೇ ಸೂಕ್ಷ್ಮವಾದ ಮೇಲೆ ಉಪಾಯ ಯಾಕೆ ಎಂಬುದು ಅದರ ಹಿಂದಿನ ಧೋರಣೆ. ಸೂಕ್ಷ್ಮ ಪರದೆ ಇಲ್ಲದವರ ಅಕ್ಷರ ಮೊದಲಿಗಿಂತ ಮಸುಕಾಯಿತು. ಕನ್ನಡಕ್ಕೆ ಉಳಿದ ನೇರ ದಾರಿ ಒಂದೇ: ಹೆಚ್ಚು ಚುಕ್ಕೆಗಳಿರುವ ಪರದೆ.

ಮೊಬೈಲಿನಷ್ಟು ಚುಕ್ಕೆ ಮಾನಿಟರಿಗೆ ಯಾಕೆ, ದೂರ ಕೂತವರಿಗೆ ಅದು ಕಾಣುವುದೂ ಇಲ್ಲ ಎಂಬ ವಾದ ಉಂಟು. ಅದನ್ನು ಲೆಕ್ಕದಲ್ಲೇ ನೋಡೋಣ. ಮೊಬೈಲನ್ನು ಒಂದಡಿ ದೂರದಲ್ಲಿ ಹಿಡಿಯುತ್ತೇವೆ, ಮಾನಿಟರ್ ಎರಡಡಿ ದೂರದಲ್ಲಿರುತ್ತದೆ. ದೂರ ಇಮ್ಮಡಿಯಾದರೆ ಚುಕ್ಕೆ ಅರ್ಧ ಸಾಕು. ಮೊಬೈಲಿನ 326ರ ಅರ್ಧ 163. 27 ಇಂಚಿನ 4ಕೆ ಮಾನಿಟರಿನಲ್ಲಿ ಇಂಚಿಗೆ ಇರುವುದು ಸರಿಯಾಗಿ ಅಷ್ಟೇ. ನಾನು ಕೇಳುತ್ತಿರುವುದು ಐಷಾರಾಮವಲ್ಲ, ಸಾಧಾರಣ ಮೊಬೈಲು ಹಿಡಿದವರಿಗೂ ಇಂದು ಸಿಗುತ್ತಿರುವ ಸ್ಪಷ್ಟತೆ. ಆಟವಾಡುವವರು ಸೆಕೆಂಡಿಗೆ 144 ಸಲ, 240 ಸಲ ಚಿತ್ರ ಬದಲಾಗುವ ಮಾನಿಟರನ್ನು ಹೊಗಳುತ್ತಾರೆ. ಅದು ಅವರ ಅಗತ್ಯ. ನಿಂತ ಅಕ್ಷರವನ್ನು ಓದುವವರಿಗೆ 60 ಸಾಕು.

ಗಟ್ಟಿಯಾದ ಆಕ್ಷೇಪ ಬರುವುದು ಡಿಟಿಪಿ ಅಂಗಡಿಗಳಿಂದ. ಕನ್ನಡದ ಅಚ್ಚಿನ ಕೆಲಸ ಇನ್ನೂ ಎಷ್ಟೋ ಕಡೆ ಪೇಜ್‌ಮೇಕರ್ 7ರಲ್ಲಿ, ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟುಗಳಲ್ಲಿ ನಡೆಯುತ್ತಿದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು 4ಕೆ ಪರದೆಯಲ್ಲಿ ತೆರೆದರೆ ಮೆನುಗಳು ಇರುವೆ ಸಾಲಿನಷ್ಟು ಚಿಕ್ಕವಾಗುತ್ತವೆ. ವಿಂಡೋಸ್‌ಗೆ ಹೇಳಿ ಹಿಗ್ಗಿಸಿದರೆ ಅಕ್ಷರಗಳೆಲ್ಲ ಮಂಜು ಮಂಜು. ಇದು ನಿಜವಾದ ಕಷ್ಟ, ಅವರ ದುಡಿಮೆಯ ಪ್ರಶ್ನೆ. ಆದರೆ ಕಷ್ಟದ ಬೇರು ಪರದೆಯಲ್ಲಿಲ್ಲ, ಕಾಲು ಶತಮಾನ ಹಿಂದುಳಿದ ತಂತ್ರಾಂಶದಲ್ಲಿದೆ. ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ಮೂಡಿಸುವ ಇನ್‌ಡಿಸೈನ್ ಇದೆ, ಉಚಿತವಾಗಿ ಸಿಗುವ ಸ್ಕ್ರೈಬಸ್ ಇದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳೂ ಇವೆ. ಆ ದಾಟುವಿಕೆಗೆ ತರಬೇತಿ ಕೊಡಬೇಕಾದದ್ದು ಕನ್ನಡದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳ ಕರ್ತವ್ಯ. ಅಂಗಡಿಯವರ ತಲೆಗೆ ಅದನ್ನು ಕಟ್ಟಬಾರದು.

ಹಣದ ಮಾತಿಗೆ ಬರೋಣ. 24 ಇಂಚಿನ ಮಾಮೂಲಿ ಮಾನಿಟರ್ ಎಂಟು-ಹತ್ತು ಸಾವಿರಕ್ಕೆ ಸಿಗುತ್ತದೆ, 27 ಇಂಚಿನ 4ಕೆ ಮಾನಿಟರಿಗೆ ಇಪ್ಪತ್ತು-ಇಪ್ಪತ್ತೈದು ಸಾವಿರ ಬೇಕು. ಹದಿನೈದು ಸಾವಿರದ ಈ ಅಂತರವನ್ನು ಪೆಟ್ಟಿಗೆಯಲ್ಲೇ ಉಳಿಸಬಹುದು. ಟೈಪು ಮಾಡುವ ಮೇಜಿಗೆ ಐ7 ಬೇಕಿಲ್ಲ. ಡಿಸ್‌ಪ್ಲೇಪೋರ್ಟ್ ಇರುವ ಆರನೇ ತಲೆಮಾರಿನ ಹಳೆ ಪೆಟ್ಟಿಗೆಯೂ 4ಕೆ ಪರದೆಯನ್ನು ಸೆಕೆಂಡಿಗೆ 60 ಸಲ ನಡೆಸಬಲ್ಲದು. ಒಳ್ಳೆಯ ಮಾನಿಟರ್ ಎರಡು ಮೂರು ಪೆಟ್ಟಿಗೆಗಳ ಆಯುಷ್ಯವನ್ನು ಮೀರಿ ಬಾಳುತ್ತದೆ. ಕೇಂದ್ರವೂ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಮಾನಿಟರುಗಳ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿದೆ. 32 ಇಂಚಿಗಿಂತ ದೊಡ್ಡ ಮಾನಿಟರನ್ನು ಐಷಾರಾಮದ ಪಟ್ಟಿಯಲ್ಲಿಟ್ಟಿದ್ದ ಕಾಲ ಅದರೊಂದಿಗೆ ಮುಗಿಯಿತು.

2025ರ ನವೆಂಬರಿನ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕಿಯೋನಿಕ್ಸ್ ‘ಕಿಯೋ’ ಎಂಬ ಪುಟ್ಟ ಡೆಸ್ಕ್‌ಟಾಪನ್ನು ಮುಂದಿಟ್ಟಿತು. ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರು, ಲಿನಕ್ಸ್, ಬೆಲೆ 18,999 ರೂಪಾಯಿ. ಡೆಸ್ಕ್‌ಟಾಪ್ ಸತ್ತಿದೆ ಎನ್ನುವವರಿಗೆ ಕರ್ನಾಟಕ ಸರ್ಕಾರದ ಸಂಸ್ಥೆಯೊಂದು ಕೊಟ್ಟ ಉತ್ತರ ಇದು, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಈ ಪೆಟ್ಟಿಗೆ ಹೋದಾಗ ಅದರ ಬೆನ್ನಿಗೆ ಯಾವ ಪರದೆ ಹೋಗುತ್ತದೆ ಎಂಬುದು ಅಷ್ಟೇ ಮುಖ್ಯ. ಅಗ್ಗದ ಪೆಟ್ಟಿಗೆಗೆ ಅದಕ್ಕಿಂತ ಅಗ್ಗದ 1366×768 ಪರದೆಯನ್ನು ಸಿಕ್ಕಿಸಿದರೆ ಮಕ್ಕಳು ಕಲಿಯುವುದು ಮಸುಕು ಕನ್ನಡವನ್ನೇ. ಮನೆಯ ಮೊಬೈಲಿನಲ್ಲಿ ಇಂಗ್ಲಿಷು ಕನ್ನಡಿಯಂತೆ ಕಂಡು, ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ ಕಲಸಿದಂತೆ ಕಂಡರೆ ಯಾವ ಭಾಷೆ ಆಧುನಿಕ ಎಂದು ಅವರು ತೀರ್ಮಾನಿಸುತ್ತಾರೆ?

ಟೆಂಡರಿನ ಷರತ್ತು ಬರೆಯುವ ಅಧಿಕಾರಿಗಳಲ್ಲಿ, ಪತ್ರಿಕಾ ಕಚೇರಿಗಳ ಖರೀದಿ ನೋಡುವವರಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟು. ಕನ್ನಡದಲ್ಲಿ ಕೆಲಸ ನಡೆಯುವ ಮೇಜಿಗೆ ಮಾನಿಟರ್ ಕೊಳ್ಳುವಾಗ ಇಂಚಿಗೆ 160 ಚುಕ್ಕೆಗಿಂತ ಕಡಿಮೆ ಇರುವುದನ್ನು ಒಪ್ಪಬೇಡಿ. ಕೊಳ್ಳುವ ಮೊದಲು ಹನ್ನೊಂದು ಪಾಯಿಂಟಿನಲ್ಲಿ ಒಂದು ಪುಟ ಕನ್ನಡ ತೆರೆದು, ಕೆಲಸ ಮಾಡುವವರನ್ನೇ ಅದರ ಮುಂದೆ ಕೂರಿಸಿ ಓದಿಸಿ ನೋಡಿ. ಧಕಾರದ ಸೀಳು ಅವರಿಗೆ ಕಂಡರೆ ಮಾತ್ರ ಬಿಲ್ಲಿಗೆ ಸಹಿ ಹಾಕಿ.