ಪಿಯುಸಿಯ ಆ ಅರ್ಧ ಪಾಲು

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,



ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಈಗಲೂ ಸಿಇಟಿ ಮುಗಿದ ವಾರ ಓಣಿಯ ಮಕ್ಕಳು ಮೊಬೈಲ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ‘ಸರ್, ಪಿಯುಸಿಯಾಗ ಇಷ್ಟ್ ಬಂದಾವ್ರಿ, ಸಿಇಟಿಯಾಗ ಇಷ್ಟ್ ಬರಬಹುದ್ರಿ. ರ‍್ಯಾಂಕ್ ಎಷ್ಟಕ್ಕ ಬರತೈತ್ರಿ?’ ಸೂತ್ರ ನನಗೆ ಗೊತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ. ಆದರೆ ಆ ವರ್ಷ ಸೂತ್ರ ಹಾಗೇ ಉಳಿಯುತ್ತದೆಯೇ, ಕೇಳಿದ ಪ್ರಶ್ನೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂಬುದನ್ನು ನಾನು ಹೇಗೆ ಹೇಳಲಿ? ‘ನೋಡೋಣಪಾ’ ಎಂದು ಕಳಿಸುತ್ತೇನೆ. ಎರಡು ವರ್ಷ ದುಡಿದ ಮಗುವಿಗೆ ಕೊಡುವ ಉತ್ತರ ಇದಲ್ಲ ಎಂದು ಪ್ರತಿ ಸಲ ಅನ್ನಿಸುತ್ತದೆ.

ಪಿಯುಸಿ ಅಂಕಗಳ ಪಾಲನ್ನು ತೆಗೆದುಹಾಕಿ ಸಿಇಟಿ ಒಂದರಿಂದಲೇ ಇಂಜಿನಿಯರಿಂಗ್ ಸೀಟು ಹಂಚಬೇಕೆಂಬ ಮಾತು ಆಗಾಗ ನನ್ನ ಕಿವಿಗೆ ಬೀಳುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ಇಂಟರ್ಮೀಡಿಯೆಟ್ ಅಂಕಗಳಿಗಿದ್ದ ಶೇ 25ರ ಪಾಲನ್ನು ಕೈಬಿಟ್ಟಿತು. ತಮ್ಮಲ್ಲಿ ನನ್ನ ವಿನಂತಿ ಇದಕ್ಕೆ ವಿರುದ್ಧವಾದದ್ದು. ಆ ಅರ್ಧ ಪಾಲನ್ನು ಉಳಿಸಿ. ಈಗ ಅದು ಹೆಸರಿಗೆ ಮಾತ್ರ ಅರ್ಧವಾಗಿದೆ, ಅದನ್ನು ನಿಜವಾದ ಅರ್ಧ ಮಾಡಿ.

ಹೆಸರಿಗೆ ಮಾತ್ರ ಎಂದೆ. ಗಣಿತದವನಾದ್ದರಿಂದ ಲೆಕ್ಕದಲ್ಲೇ ತೋರಿಸಲು ಅವಕಾಶ ಕೊಡಿ. ಒಬ್ಬಳಿಗೆ ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 288, ಅಂದರೆ ಶೇ 96 ಬಂದಿದೆ. ಸಿಇಟಿಯಲ್ಲಿ 180ಕ್ಕೆ 81, ಶೇ 45. ಎರಡೂ ಕೂಡಿಸಿ ಅರ್ಧ ಮಾಡಿದರೆ 70.5. ಇನ್ನೊಬ್ಬನಿಗೆ ಪಿಯುಸಿಯಲ್ಲಿ 252, ಶೇ 84. ಸಿಇಟಿಯಲ್ಲಿ 117, ಶೇ 65. ಅವನದು 74.5. ಪಿಯುಸಿಯಲ್ಲಿ 84ಕ್ಕೂ 96ಕ್ಕೂ ನಡುವೆ ಎಷ್ಟು ದುಡಿಮೆ ಇದೆಯೆಂದು ಪಾಠ ಮಾಡಿದವರಿಗೆ ಗೊತ್ತು, ಆದರೂ ಅಂತರ ಹನ್ನೆರಡೇ. ಒಳ್ಳೆಯ ವಿದ್ಯಾರ್ಥಿಗಳ ಪಿಯುಸಿ ಅಂಕಗಳು ಎಂಬತ್ತರ ಮೇಲೆ ಒತ್ತೊತ್ತಾಗಿ ಕೂತಿರುತ್ತವೆ. ಸಿಇಟಿ ಅಂಕಗಳು ಮೂವತ್ತರಿಂದ ತೊಂಬತ್ತರವರೆಗೆ ಹರಡಿಕೊಂಡಿರುತ್ತವೆ. ಒತ್ತಾಗಿ ಕೂತದ್ದನ್ನೂ ಹರಡಿಕೊಂಡದ್ದನ್ನೂ ಹಾಗೇ ಕೂಡಿಸಿದರೆ ಮಕ್ಕಳನ್ನು ಹಿಂದೆ ಮುಂದೆ ನಿಲ್ಲಿಸುವ ಕೆಲಸವನ್ನು ಹೆಚ್ಚಾಗಿ ಹರಡಿಕೊಂಡದ್ದೇ ಮಾಡುತ್ತದೆ. ಕಾಗದದ ಮೇಲೆ ಐವತ್ತು–ಐವತ್ತು ಎಂದಿದ್ದರೂ ತೂಗುವುದು ಸಿಇಟಿಯೇ.

ಹಾಗಾದರೆ ಸಿಇಟಿ ಏನನ್ನು ತೂಗುತ್ತದೆ? ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ ಪ್ರಶ್ನೆಗೂ ಒಂದು ವೃತ್ತ ತುಂಬಿ ಬನ್ನಿ ಎಂದು ನಾವೇ ಹೇಳಿ ಕಳಿಸುತ್ತೇವೆ. ಒಟ್ಟು 180ರಲ್ಲಿ 80 ಪ್ರಶ್ನೆಗಳಿಗೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಕಣ್ಣುಮುಚ್ಚಿ ತುಂಬಿದವರಿಗೆ ಸರಾಸರಿ 20 ಅಂಕ ಸಿಗಬೇಕು. ಆದರೆ ಒಬ್ಬರಿಗೆ 16, ಇನ್ನೊಬ್ಬರಿಗೆ 24 ಸಿಗುವುದು ತೀರಾ ಸಾಮಾನ್ಯ. ಆ ಎಂಟು ಅಂಕಗಳಲ್ಲಿ ಓದಿನ ಪಾಲೇನೂ ಇಲ್ಲ. ನಡುವಿನ ರ‍್ಯಾಂಕುಗಳಲ್ಲಿ, ಮಕ್ಕಳು ದಟ್ಟವಾಗಿ ನೆರೆದಿರುವಲ್ಲಿ, ಎಂಟು ಅಂಕವೆಂದರೆ ಕಾಲೇಜೇ ಬದಲಾಗುತ್ತದೆ, ಕೆಲವೊಮ್ಮೆ ಊರೇ ಬದಲಾಗುತ್ತದೆ.

ಬೋರ್ಡ್ ಪರೀಕ್ಷೆಯಲ್ಲಿ ಮಗು ಅನುಕಲನದ ಲೆಕ್ಕವನ್ನು ಹಂತಹಂತವಾಗಿ ಬಿಡಿಸುತ್ತದೆ. ಕೊನೆಯ ಸಾಲಿನಲ್ಲಿ ಋಣ ಚಿಹ್ನೆ ತಪ್ಪಿದರೆ ಒಂದು ಅಂಕ ಹೋಗಬಹುದು. ಮೌಲ್ಯಮಾಪಕರಿಗೆ ಹಿಂದಿನ ಸಾಲುಗಳು ಕಾಣುತ್ತವೆ, ಈ ಮಗುವಿಗೆ ವಿಷಯ ತಿಳಿದಿದೆ ಎಂದು ತಿಳಿಯುತ್ತದೆ. ಓಎಂಆರ್ ಹಾಳೆಗೆ ಅದೇ ತಪ್ಪು ಸೊನ್ನೆ. ನಾಲ್ಕು ಆಯ್ಕೆಗಳನ್ನು ತಿರುಗಿಸಿ ಹಾಕಿ ನೋಡಿ ಉತ್ತರ ಹಿಡಿದವನಿಗೆ ಪೂರ್ಣ ಅಂಕ. ಅವನೂ ಜಾಣನೇ, ಆ ಜಾಣತನವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಇಂಜಿನಿಯರಿಂಗ್ ಸೇರಿದ ಮೊದಲ ಸೆಮಿಸ್ಟರ್‌ನಲ್ಲೇ ಪುಟಗಟ್ಟಲೆ ಬಿಡಿಸಿ ಬರೆಯುವ ಗಣಿತ ಎದುರಾಗುತ್ತದೆ. ಅಲ್ಲಿ ಆಯ್ಕೆಗಳು ಇರುವುದಿಲ್ಲ.

ಸಿಇಟಿಯನ್ನು ನಾನು ದ್ವೇಷಿಸುವವನಲ್ಲ. ಕ್ಯಾಪಿಟೇಷನ್ ಕೊಟ್ಟವರಿಗೆ ಸೀಟು ಎಂಬ ಕಾಲವನ್ನು ಕಂಡವನು ನಾನು. ಅದಕ್ಕೆ ಕಡಿವಾಣ ಹಾಕಿದ 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನ ನಂತರ, 1994ರಲ್ಲಿ ಸಿಇಟಿ ಬಂದಾಗ ನಮ್ಮ ಕಡೆಯ ಮಕ್ಕಳಿಗೆ ಬಾಗಿಲು ತೆರೆದದ್ದು ನಿಜ. ಒಬ್ಬ ರೈತರ ಮಗನನ್ನು ರಾತ್ರಿ ಬಸ್ಸಿನಲ್ಲಿ ಮಲ್ಲೇಶ್ವರದ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಿದ್ದೆ. ಫ್ರೀ ಸೀಟಿನ ಚೀಟಿ ಕೈಗೆ ಬಂದಾಗ ಅವರಪ್ಪ ಅದನ್ನು ಓದಲಾರದೆ ನನ್ನ ಕೈಗೆ ಕೊಟ್ಟು, ‘ಖರೇನ ಏನ್ರಿ ಸರ್?’ ಎಂದು ಎರಡು ಸಲ ಕೇಳಿದರು. ಆ ಪರೀಕ್ಷೆಯ ಋಣ ನನ್ನ ಮೇಲೂ ಇದೆ.

ಆದರೆ ಈಚಿನ ವರ್ಷಗಳಲ್ಲಿ ಏನಾಯಿತೆಂದು ನೋಡಿ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಸಿಗೆ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10 ಹಿಡಿದು ಅಂಕ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600 ಬಂತು. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕವೊಂದನ್ನೇ ಪರಿಗಣಿಸಿದ್ದು ಸರಿಯೇ ಇತ್ತು. ಮರುವರ್ಷ ಅದೇ ತಂಡದ ಸುಮಾರು 24 ಸಾವಿರ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕ ಹಿಡಿಯಲಿಲ್ಲ, ಹೊಸಬರದನ್ನು ಹಿಡಿದರು. ರ‍್ಯಾಂಕ್ ಕುಸಿಯಿತು. ಹೈಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಅವರ ಪಿಯುಸಿ ಅಂಕವನ್ನೂ ಪರಿಗಣಿಸಬೇಕೆಂದಿತು. ಆಗ ಹೊಸಬರು, ಪರೀಕ್ಷೆಯನ್ನೇ ಬರೆಯದೆ ಬಂದ ಅಂಕಕ್ಕೆ ನಮ್ಮ ಅಂಕ ಸಮವೇ ಎಂದು ಕೇಳಿದರು. ಕೊನೆಗೆ ಆ ತಂಡದ ಪಿಯುಸಿ ಅಂಕಗಳಲ್ಲಿ ಒಂದಷ್ಟು ಕಡಿತ ಮಾಡುವ ಸೂತ್ರಕ್ಕೆ ವಿಭಾಗೀಯ ಪೀಠ ಒಪ್ಪಿ, ಅಕ್ಟೋಬರ್‌ನಲ್ಲಿ ಹೊಸ ಪಟ್ಟಿ ಬಂತು. ನನಗೆ ಎರಡೂ ಕಡೆಯ ಮಕ್ಕಳ ಪರಿಚಯವಿತ್ತು. ಇಬ್ಬರ ವಾದದಲ್ಲೂ ನ್ಯಾಯವಿತ್ತು. ಇಬ್ಬರೂ ಆ ಎರಡು ತಿಂಗಳು ಓದಲಿಲ್ಲ, ಉಣ್ಣಲಿಲ್ಲ, ಫೋನ್ ನೋಡುತ್ತ ಕೂತಿದ್ದರು.

2024ರ ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳ ಪ್ರಶ್ನೆಗಳು ಬಂದವು. 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು. ಜೀವಶಾಸ್ತ್ರದ್ದು ಬಿಟ್ಟರೆ ಇಂಜಿನಿಯರಿಂಗ್ ಮಕ್ಕಳ ಪಾಲಿಗೆ 39. 180ರ ಪರೀಕ್ಷೆ 141ರದ್ದಾಯಿತು. ತೆಗೆದದ್ದು ಸರಿ. ಆದರೆ ಪರೀಕ್ಷಾ ಕೊಠಡಿಯಲ್ಲಿ ಆ ಪ್ರಶ್ನೆಗಳ ಮುಂದೆ ಬೆವರಿದ ನಿಮಿಷಗಳನ್ನು ಯಾರು ಹಿಂದಿರುಗಿಸುತ್ತಾರೆ? ಪಠ್ಯಪುಸ್ತಕ ನಂಬಿ ಓದಿದ ಮಗು ಅಲ್ಲಿ ಹೆಚ್ಚು ಹೊತ್ತು ನಿಂತಿತು, ಕೋಚಿಂಗ್‌ನಲ್ಲಿ ಹಳೆಯ ಪಠ್ಯವನ್ನೂ ಓದಿದ್ದ ಮಗು ದಾಟಿಕೊಂಡು ಹೋಯಿತು. ಮೂಲೆಯ ಒಂದು ಸರ್ಕಾರಿ ಕಾಲೇಜಿನಿಂದ, ಈಗ ತರಗತಿಯಲ್ಲಿ ಪಾಠ ಮಾಡುತ್ತಿರುವ ಉಪನ್ಯಾಸಕರೊಬ್ಬರನ್ನು ಪ್ರಶ್ನೆಪತ್ರಿಕೆ ಪರಿಶೀಲನೆಗೆ ಕೂರಿಸಿದ್ದರೆ ಸಾಕಿತ್ತು ಎಂದು ನಾನು ನಂಬುತ್ತೇನೆ.

ಪಿಯುಸಿ ಅಂಕಗಳನ್ನು ನಂಬುವುದು ಹೇಗೆ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಕೇಳಲೇಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ 30 ಅಂಕ ಪ್ರಾಯೋಗಿಕ ಪರೀಕ್ಷೆಗೆ. ನಾನು ಕೆಲಸ ಮಾಡಿದ ಕಡೆ ಅದರಲ್ಲಿ ಎಲ್ಲರಿಗೂ ಮೂವತ್ತರ ಹತ್ತಿರ ಬರುತ್ತಿತ್ತು, ಪ್ರಯೋಗ ಮಾಡಿದವರಿಗೂ ಮಾಡದವರಿಗೂ. ಸಿಬ್ಬಂದಿ ಕೊಠಡಿಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ನಾನು ಅದರ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು. ಆದರೆ ಎಲ್ಲರಿಗೂ ಸಿಗುವ ಅಂಕ ಯಾರನ್ನೂ ಹಿಂದೆ ಮುಂದೆ ಮಾಡುವುದಿಲ್ಲ, ಪಿಯುಸಿ ಪಾಲಿನ ತೂಕವನ್ನೇ ಇಳಿಸುತ್ತದೆ. ರ‍್ಯಾಂಕಿಗೆ ಲಿಖಿತ ಪರೀಕ್ಷೆಯ ಅಂಕಗಳನ್ನು ಮಾತ್ರ ತೆಗೆದುಕೊಂಡರೆ ಈ ತೊಡಕು ಬಹುಪಾಲು ಕರಗುತ್ತದೆ. ಪರೀಕ್ಷಾ ಕೊಠಡಿಗೆ ಈಗ ಕ್ಯಾಮೆರಾ ಬಂದಿದೆ, ವೆಬ್‌ಕಾಸ್ಟಿಂಗ್ ಬಂದಿದೆ. ನಕಲಿನ ಕಾರಣ ಹೇಳಿ ಬೋರ್ಡ್ ಅಂಕವನ್ನು ತಳ್ಳಿಹಾಕುವ ಮಾತು ಇಂದು ಮೊದಲಿನಷ್ಟು ಗಟ್ಟಿಯಾಗಿಲ್ಲ.

ತೂಕ ಸರಿಪಡಿಸುವುದೂ ಕಷ್ಟವಲ್ಲ. ಪಿಯುಸಿ ಅಂಕವನ್ನೂ ಸಿಇಟಿ ಅಂಕವನ್ನೂ ಮೊದಲು ಪರ್ಸೆಂಟೈಲ್‌ಗೆ, ಅಂದರೆ ನೂರರಲ್ಲಿ ಎಷ್ಟು ಮಕ್ಕಳಿಗಿಂತ ಮುಂದಿದ್ದಾರೆ ಎಂಬ ಲೆಕ್ಕಕ್ಕೆ ಬದಲಿಸಿ, ಆಮೇಲೆ ಕೂಡಿಸಿ. ಒಂದೊಂದು ಬೋರ್ಡಿನ ಮಕ್ಕಳಿಗೂ ಅವರವರ ಬೋರ್ಡಿನೊಳಗೇ ಪರ್ಸೆಂಟೈಲ್ ಲೆಕ್ಕ ಹಾಕಿದರೆ ರಾಜ್ಯ ಪಠ್ಯ, ಸಿಬಿಎಸ್‌ಇ ಎಂಬ ಜಗಳವೂ ಕಡಿಮೆಯಾಗುತ್ತದೆ. 2013ರಿಂದ 2016ರವರೆಗೆ ಎನ್‌ಐಟಿಗಳ ಪ್ರವೇಶಕ್ಕೆ ಹನ್ನೆರಡನೆಯ ತರಗತಿಯ ಅಂಕವನ್ನು ಹೀಗೆ ಹೊಂದಿಸಿ ಶೇ 40ರ ಪಾಲು ಕೊಟ್ಟಿದ್ದರು.

ಆದರೆ ಏನೇ ಬದಲಿಸಿದರೂ ಮಧ್ಯದಲ್ಲಿ ಬದಲಿಸಬೇಡಿ. 2025ರಲ್ಲಿ ಕೇರಳದ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಪಟ್ಟಿ ಹೊರಬೀಳುವ ಹೊತ್ತಿಗೆ ಅಂಕ ಹೊಂದಿಸುವ ಸೂತ್ರ ಬದಲಾಯಿತು. ರಾಜ್ಯ ಪಠ್ಯದ ಮಕ್ಕಳಿಗೆ ನ್ಯಾಯ ಒದಗಿಸುವುದೇ ಅಲ್ಲಿನ ಸರ್ಕಾರದ ಉದ್ದೇಶವಾಗಿತ್ತು. ಆದರೂ ಜುಲೈನಲ್ಲಿ ಹೈಕೋರ್ಟ್ ಆ ಪಟ್ಟಿಯನ್ನು ರದ್ದು ಮಾಡಿತು. ಹಳೆಯ ಸೂತ್ರದಲ್ಲಿ ಪಟ್ಟಿ ಮರಳಿ ಬಂದಾಗ ಮೊದಲ ರ‍್ಯಾಂಕಿನ ವಿದ್ಯಾರ್ಥಿ ಏಳನೆಯವನಾಗಿದ್ದ. ಉದ್ದೇಶ ಒಳ್ಳೆಯದಿದ್ದರೂ ತಡವಾಗಿ ಬಂದ ನಿಯಮ ಮಕ್ಕಳನ್ನು ಹೀಗೆ ಎತ್ತಿ ಕೆಳಗಿಳಿಸುತ್ತದೆ.

ಇನ್ನೊಂದು ಮಾತು. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ಆ ನೀಟ್‌ನಿಂದಾಗಿ ವೈದ್ಯಕೀಯ ಸೀಟಿಗೆ ಪಿಯುಸಿ ಅಂಕ ಅರ್ಹತೆಗಷ್ಟೇ ಸೀಮಿತವಾದ ಮೇಲೆ ತರಗತಿಗಳಲ್ಲಿ ಏನಾಯಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಹಾಜರಾತಿಗಷ್ಟೇ ಹೆಸರಿಟ್ಟುಕೊಂಡು ಮಕ್ಕಳು ಊರು ಬಿಟ್ಟು ಕೋಚಿಂಗ್‌ಗೆ ಹೋದರು. ಫೀ ಕಟ್ಟಲಾಗದವರು ಖಾಲಿ ಬೆಂಚುಗಳ ನಡುವೆ ಉಳಿದರು. ಅವರಿಗೆ ಪಾಠ ಮಾಡಲು ಅತಿಥಿ ಉಪನ್ಯಾಸಕರೊಬ್ಬರು ಬರುವ ಹೊತ್ತಿಗೆ ಕೆಲವು ವರ್ಷ ದಸರಾ ಹತ್ತಿರವಾಗಿರುತ್ತಿತ್ತು. ಇಂಜಿನಿಯರಿಂಗ್‌ಗೆ ಹೊರಟ ಮಕ್ಕಳನ್ನು ಇನ್ನೂ ತರಗತಿಯಲ್ಲಿ ಹಿಡಿದಿಟ್ಟಿರುವುದು ಪಿಯುಸಿಯ ಆ ಅರ್ಧ ಪಾಲೇ. ಅದೂ ಹೋದರೆ ಸರ್ಕಾರಿ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಮಕ್ಕಳು ಯಾಕಾಗಿ ಬರಬೇಕು?

ಈ ಜೂನ್‌ನಲ್ಲಿ ಪ್ರಥಮ ಪಿಯುಸಿ ಸೇರುವ ಮಕ್ಕಳು ಎರಡು ವರ್ಷಗಳ ನಂತರ ಯಾವ ನಿಯಮದಲ್ಲಿ ರ‍್ಯಾಂಕ್ ಪಡೆಯುತ್ತಾರೆ ಎಂಬುದನ್ನು ಒಂದು ಆದೇಶದಲ್ಲಿ, ಕನ್ನಡದಲ್ಲಿ, ಉದಾಹರಣೆಯ ಲೆಕ್ಕದ ಸಮೇತ ಪ್ರಕಟಿಸಿ. ತರಗತಿ ಆರಂಭವಾಗುವ ಮುನ್ನ ಅದು ಎಲ್ಲ ಪದವಿಪೂರ್ವ ಕಾಲೇಜುಗಳ ನೋಟಿಸ್ ಬೋರ್ಡಿಗೆ ತಲುಪಲಿ. ಓಣಿಯ ಮಕ್ಕಳು ಬಂದಾಗ ನಾನು ಅದನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಉಪನ್ಯಾಸಕ, ಹಾವೇರಿ ಜಿಲ್ಲೆ