ಕಾಯುವವರಿದ್ದರೆ ಹಾಡು ಬರುತ್ತದೆ

ಕನ್ನಡದ ತರುಣ ಗೆಳೆಯರೇ,

ಹೊಸ ವರ್ಷದಲ್ಲಿ ಯಾವ ನಟನ ಚಿತ್ರ ಯಾವ ತಿಂಗಳು ತೆರೆಗೆ ಬರುತ್ತದೆ ಎಂಬುದು ನಿಮಗೆ ಬಾಯಿಪಾಠ. ಇರಲಿ. ನಮ್ಮದೊಂದು ಪ್ರಶ್ನೆ. ಸಿನಿಮಾದ ಹಂಗಿಲ್ಲದೆ ಬರುವ ಒಂದೇ ಒಂದು ಕನ್ನಡ ಆಲ್ಬಮ್ಮಿಗಾಗಿ ನೀವು ಕಾಯುತ್ತಿದ್ದೀರಾ? ಕಾಯುವವರಿಲ್ಲದ ಕಡೆ ಬಸ್ಸೂ ನಿಲ್ಲುವುದಿಲ್ಲ. ಹಾಡು ಹೇಗೆ ಬಂದೀತು?

ಹೀಗೆ ಕಾಯುವುದು ಕನ್ನಡಿಗರಿಗೆ ಹೊಸದಲ್ಲ. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ರಾಗ. ನಾಯಕನಿಲ್ಲ, ನಾಯಕಿಯಿಲ್ಲ, ಹೊಡೆದಾಟವಿಲ್ಲ. ಆದರೂ ಮನೆಮನೆಗೆ ಹೋಯಿತು. ಅದರ ಬೆನ್ನಿಗೆ ಭಾವಗೀತೆಗಳ ಧ್ವನಿಸುರುಳಿಗಳು ಸಾಲುಗಟ್ಟಿ ಬಂದವು. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಪ್ರೆಸ್ಸಿನಲ್ಲಿ ಕ್ಯಾಸೆಟ್ ಡಬ್ಬಿಯೊಳಗಿನ ಮಡಿಕೆ ಕಾರ್ಡುಗಳು ಅಚ್ಚಾಗುತ್ತಿದ್ದವು. ಬರೆದವರು, ರಾಗ ಹಾಕಿದವರು, ಹಾಡಿದವರು, ಎಲ್ಲರ ಹೆಸರೂ ಕನ್ನಡದಲ್ಲಿ. ಒಂದು ಹೆಸರೂ ಬಿಟ್ಟುಹೋಗಬಾರದೆಂದು ಮೂರು ಸಲ ಪ್ರೂಫ್ ನೋಡುತ್ತಿದ್ದರು.

ಕ್ಯಾಸೆಟ್ಟಿನ ಕಾಲ ಮುಗಿಯಿತು, ಸಿಡಿಯ ಕಾಲವೂ ಮುಗಿಯಿತು. ಹಾಡು ಮುಗಿಯಲಿಲ್ಲ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ನಮ್ಮ ಶಿಶುನಾಳ ಷರೀಫರ ಎರಡು ಪದಗಳು. ಮರುವರ್ಷವೇ ಬೆಂಗಳೂರಿನ 'ಸ್ವರಾತ್ಮ' ತಂಡದ ಮೊದಲ ಆಲ್ಬಂ ಬಂತು. 2010ರಲ್ಲಿ ರಘು ದೀಕ್ಷಿತ್ ತಂಡ ಬ್ರಿಟನ್ನಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿ ಬಂತು. ಇದಕ್ಕೆ ಯಾವ ಸಿನಿಮಾದ ಹೆಗಲೂ ಬೇಕಾಗಲಿಲ್ಲ!

ಇನ್ನು 2024ರ ಮಾತು. ಬೆಂಗಳೂರನ್ನು ನೆಲೆ ಮಾಡಿಕೊಂಡ, ಕೇರಳ ಮೂಲದ ರ‍್ಯಾಪರ್ ಹನುಮಾನ್‌ಕೈಂಡ್ ಹಾಡಿದ 'ಬಿಗ್ ಡಾಗ್ಸ್' ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಸೇರಿತು. ಅದೂ ಸಿನಿಮಾ ಹಾಡಲ್ಲ. ಹಾಡು ಇಂಗ್ಲಿಷಿನದು. ಅವರ ಮೇಲೆ ನಮಗೆ ಮುನಿಸಿಲ್ಲ, ಶಭಾಷ್ ಎನ್ನುತ್ತೇವೆ. ಆದರೆ ಇದೇ ಊರಿನಿಂದ ಕನ್ನಡದ ಹಾಡು ಹಾಗೆ ಏರಲು ಏನು ಅಡ್ಡಿ? ಪ್ರತಿಭೆಯ ಕೊರತೆಯೇ? ಖಂಡಿತ ಅಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಅಲೋಕ್ ಕನ್ನಡದಲ್ಲೇ ರ‍್ಯಾಪ್ ಹಾಡಿ ಜನರ ಕಿವಿ ಗೆದ್ದಿದ್ದಾರೆ.

ಅಡ್ಡಿ ಇರುವುದು ಕಾಸಿನಲ್ಲಿ. ಸಿನಿಮಾ ಹಾಡಿಗೆ ನಿರ್ಮಾಪಕನ ದುಡ್ಡಿದೆ, ಪ್ರಚಾರವಿದೆ. ಸ್ವತಂತ್ರ ಹಾಡುಗಾರ ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಭಾವನೆ, ಎಲ್ಲವನ್ನೂ ಸ್ವಂತ ಜೇಬಿನಿಂದ ಕೊಡಬೇಕು. ಹಾಗಾಗಿ ಒಂದೊಂದೇ ಹಾಡು ಬಿಟ್ಟು ಕೈಕಟ್ಟಿ ಕೂರುತ್ತಾನೆ. ಎಂಟು ಹತ್ತು ಹಾಡುಗಳ ಪೂರ್ತಿ ಆಲ್ಬಂ ಅವನ ತಲೆಯಲ್ಲೇ ಉಳಿಯುತ್ತದೆ. ಇದರ ಮೇಲೆ ಸ್ಪಾಟಿಫೈ 2024ರಲ್ಲಿ ಒಂದು ನಿಯಮ ತಂದಿತು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ರಾಯಧನ ಇಲ್ಲ. 999 ಆದರೂ ಸೊನ್ನೆ!

ಈಗ ಲೆಕ್ಕ ಹಾಕಿ. ನಿಮ್ಮ ಕಾಲೇಜಿನ 100 ಜನ ಹುಡುಗ ಹುಡುಗಿಯರು ವರ್ಷದಲ್ಲಿ ತಲಾ 10 ಸಲ ಕೇಳಿದರೆ ಆ ಗೆರೆ ದಾಟುತ್ತದೆ. ತಿಂಗಳಿಗೆ ಒಂದು ಸಲವೂ ಆಗಲಿಲ್ಲ! ಅರ್ಧ ನಿಮಿಷ ಕೇಳದೆ ಮುಂದಿನ ಹಾಡಿಗೆ ಹಾರಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ನೆನಪಿರಲಿ. ಹಾಗೆಂದು ಅಷ್ಟರಿಂದಲೇ ಹಾಡುಗಾರನ ಹೊಟ್ಟೆ ತುಂಬುವುದಿಲ್ಲ. ಕಾರ್ಯಕ್ರಮಕ್ಕೆ ಪುಕ್ಕಟೆ ಪಾಸು ಕೇಳಬೇಡಿ, ಟಿಕೆಟ್ ಕೊಳ್ಳಿ. ಕಾಲೇಜು ಹಬ್ಬಕ್ಕೆ ಪರಭಾಷೆಯ ತಂಡಕ್ಕೆ ಲಕ್ಷ ಕೊಡುವಾಗ ಕನ್ನಡ ತಂಡಕ್ಕೂ ಒಂದು ಸಂಜೆ, ಸರಿಯಾದ ಸಂಭಾವನೆ ಕೊಡಿಸಿ. ಧಾರವಾಡದವರನ್ನೂ ಕರೆಯಿರಿ, ಕಲಬುರಗಿ, ಮಂಗಳೂರಿನವರನ್ನೂ ಕರೆಯಿರಿ.

ಹಾಡುಗಾರರಿಗೂ ಒಂದು ಮಾತು. ಹಾಡಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಹಾಕಿ. ಸಾಹಿತ್ಯವನ್ನು ಕನ್ನಡದಲ್ಲೇ ಕೊಡಿ. ಬರೆದವನ ಹೆಸರನ್ನು ಮರೆಯಬೇಡಿ. ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದಲ್ಲಿ ಪಾಲಿದೆ ಎಂದು 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯೇ ಆಗಿದೆ. ಹೆಸರೇ ಇಲ್ಲದ ಮೇಲೆ ಪಾಲು ಯಾರಿಗೆ? ಎರಡು ಅಂಗುಲದ ಕ್ಯಾಸೆಟ್ ಕಾರ್ಡಿನಲ್ಲಿ ಇಷ್ಟು ಹೆಸರುಗಳಿಗೆ ಜಾಗವಿತ್ತು. ಅಂಗೈಯಗಲದ ಫೋನಿನಲ್ಲಿ ಇಲ್ಲವೇ?

ಜನವರಿ ಬರಲಿ ಎಂದು ಕಾಯಬೇಡಿ. ನಿಮಗೆ ಗೊತ್ತಿರುವ ಒಬ್ಬ ಕನ್ನಡ ಹಾಡುಗಾರನನ್ನು ಇವತ್ತೇ ಕೇಳಿ: "ಮುಂದಿನ ಆಲ್ಬಂ ಯಾವಾಗಪ್ಪಾ?" ಆ ಒಂದು ಪ್ರಶ್ನೆ ಸಾವಿರ ಜನರ ಬಾಯಿಂದ ಬಂದರೆ, ಆಲ್ಬಂ ತಾನಾಗಿ ಬರುತ್ತದೆ.