ಗೇನ್ 85 ಬರಲೇಬೇಕಾ?

ಕಾಮನ್ ಎಮಿಟರ್ ಆಂಪ್ಲಿಫೈಯರ್ ಲ್ಯಾಬ್ ದಿನ ನಮ್ಮ ಟೇಬಲ್‌ಗೆ ಗೇನ್ 66 ಬಂತು. ಸೀನಿಯರ್ ಕೊಟ್ಟ ರೆಕಾರ್ಡ್‌ನಲ್ಲಿ 85 ಇತ್ತು. ನಾವೇನು ಮಾಡಿದ್ವಿ? ರಬ್ಬರ್ ತಗೊಂಡು ಅಳಿಸಿದ್ವಿ. ಪಕ್ಕದ ಟೇಬಲ್‌ಗಳಲ್ಲೂ ಅದೇ ಕಥೆ. ಬ್ರೆಡ್‌ಬೋರ್ಡ್ ಬೇರೆ, ಟ್ರಾನ್ಸಿಸ್ಟರ್ ಬೇರೆ, ಉತ್ತರ ಮಾತ್ರ ಒಂದೇ!

ಆ 85 ಬಂದಿದ್ದಾದ್ರೂ ಎಲ್ಲಿಂದ? ಕಲೆಕ್ಟರ್ ಕರೆಂಟ್ 1 ಮಿಲಿಆಂಪ್ ಅಂತ ಇಟ್ಕೊಂಡು 26 ಮಿಲಿವೋಲ್ಟ್‌ನಿಂದ ಭಾಗಿಸಿದರೆ ಜಿಎಂ ಸಿಗುತ್ತೆ. ಅದನ್ನು 2.2 ಕಿಲೋಓಮ್ ಕಲೆಕ್ಟರ್ ರೆಸಿಸ್ಟರ್‌ನಿಂದ ಗುಣಿಸಿದರೆ ಸುಮಾರು 85. ಆದರೆ ನಮ್ಮ ಬೋರ್ಡ್‌ನಲ್ಲಿ ನಿಜವಾಗಿಯೂ 1 ಮಿಲಿಆಂಪ್ ಹರೀತಿತ್ತಾ? ಯಾರೂ ಅಳೆದಿರಲಿಲ್ಲ. ಮುಂದಿನ ವಾರ ಅದೇ ಸರ್ಕ್ಯೂಟ್ ಮತ್ತೆ ಕಟ್ಟಿ, ಸಿಗ್ನಲ್ ಕೊಡೋ ಮೊದಲು ಆ ರೆಸಿಸ್ಟರ್‌ಗೆ ಮಲ್ಟಿಮೀಟರ್ ಹಿಡಿದ್ವಿ. 1.76 ವೋಲ್ಟ್. ಅಂದ್ರೆ ಕರೆಂಟ್ 0.8 ಮಿಲಿಆಂಪ್. 1760ನ್ನು 26ರಿಂದ ಭಾಗಿಸಿದರೆ 68! ನಾವು ಅಳಿಸಿ ಹಾಕಿದ 66 ಹೆಚ್ಚುಕಮ್ಮಿ ಸರಿಯಾಗೇ ಇತ್ತು.

ಎಮಿಟರ್‌ಗೆ ಬೈಪಾಸ್ ಕೆಪಾಸಿಟರ್ ಇದ್ದು, ಔಟ್‌ಪುಟ್‌ಗೆ ಲೋಡ್ ಇಲ್ಲದಿದ್ದರೆ ಲೆಕ್ಕ ಇಷ್ಟೇ. ಇದಕ್ಕೆ ಬೀಟಾ ಬೇಕಾಗೇ ಇಲ್ಲ. ಬೀಟಾ ಬೇಕಾಗೋದು ಇನ್‌ಪುಟ್ ರೆಸಿಸ್ಟೆನ್ಸ್‌ಗೆ. ಅಲ್ಲೂ ನಾವು ಕಣ್ಮುಚ್ಚಿ 100 ಅಂತ ಬರೀತೀವಿ. ಬಿಸಿ547 ಡೇಟಾಶೀಟ್ ತೆಗೆದು ನೋಡಿ, 110ರಿಂದ 800ರವರೆಗೂ ಇರಬಹುದು ಅನ್ನುತ್ತೆ. 'ಸ್ಮಾಲ್ ಸಿಗ್ನಲ್' ಅನ್ನೋ ಪದವನ್ನೂ ನಾವು ಗಮನಿಸಲ್ಲ. ಬೇಸ್‌ಗೆ 10 ಮಿಲಿವೋಲ್ಟ್ ಮೀರದ ಸಿಗ್ನಲ್ ಕೊಟ್ಟರೆ ಮಾತ್ರ ಈ ಲೆಕ್ಕ ನಡೆಯೋದು. 50 ಕೊಟ್ಟು, ವೇವ್‌ಫಾರ್ಮ್ ಸೊಟ್ಟಗಾದಾಗ ಟ್ರಾನ್ಸಿಸ್ಟರ್ ಹೋಗಿದೆ ಅಂತೀವಿ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

"ರೀಡಿಂಗ್ ಥಿಯರಿಗೆ ಹೊಂದದಿದ್ರೆ ಮಾರ್ಕ್ಸ್ ಹೋಗುತ್ತೆ" ಅಂತ ಗೆಳೆಯರು ಹೇಳ್ತಾರೆ. ಆ ಭಯ ನಮಗೂ ಇದೆ, ಸುಳ್ಳು ಹೇಳಲ್ಲ. ಆದರೆ ಅವತ್ತು ಥಿಯರಿ ತಪ್ಪಿರಲಿಲ್ಲ, ರೀಡಿಂಗೂ ತಪ್ಪಿರಲಿಲ್ಲ. ನಾವು ಬೇರೆಯವರ ಕರೆಂಟ್ ಹಾಕಿ ನಮ್ಮ ಗೇನ್ ಲೆಕ್ಕ ಮಾಡಿದ್ವಿ, ಅಷ್ಟೇ.

ಅದಕ್ಕೇ ನಮ್ಮದೊಂದು ಮನವಿ. ರೆಕಾರ್ಡ್‌ನ ಮೊದಲ ಸಾಲು ನಾವೇ ಅಳೆದ ಡಿಸಿ ವೋಲ್ಟೇಜ್ ಆಗಿರಲಿ, ಲೆಕ್ಕ ಅಲ್ಲಿಂದ ಶುರುವಾಗಲಿ. ಗುರುಗಳೇ, ಉತ್ತರ ಹೊಂದಿದ್ದಕ್ಕಲ್ಲ, ಯಾಕೆ ಹೊಂದಲಿಲ್ಲ ಅಂತ ವಿವರಿಸಿದ್ದಕ್ಕೂ ಎರಡು ಮಾರ್ಕ್ಸ್ ಕೊಡಿ. ರಬ್ಬರ್ ಖರ್ಚಾದ್ರೂ ಉಳಿಯುತ್ತೆ.